ಕಾಲಿಗೆ ಗೊತ್ತು, ನೊಣಕ್ಕೆ ಗೊತ್ತಿಲ್ಲ

ಶನಿವಾರದಿಂದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಹೇಳಿದ್ದು ಎಂಟನೇ ಕ್ಲಾಸಿನ ಒಬ್ಬ ಹುಡುಗಿ. ಹೇಳಿದವಳು ಪಕ್ಕದ ಟೇಬಲ್ಲಿಗೆ ಹೋಗಿ ದ್ರವ ನೈಟ್ರೋಜನ್ ನೋಡುತ್ತಾ ನಿಂತಳು. ನಾನು ಮಾತ್ರ ಇನ್ನೂ ಅಲ್ಲೇ ಇದ್ದೇನೆ.

ವಿಜ್ಞಾನ ದಿನದ ಹೆಸರಲ್ಲಿ ನಮ್ಮ ಸಂಸ್ಥೆ ವರ್ಷಕ್ಕೊಮ್ಮೆ ಶಾಲೆ ಮಕ್ಕಳಿಗೆ ಬಾಗಿಲು ತೆರೆಯುತ್ತದೆ. ದ್ರವ ನೈಟ್ರೋಜನ್ ಇಟ್ಟವರ ಮುಂದೆ ಪ್ರತಿ ಸಲವೂ ನೂಕುನುಗ್ಗಲು. ಅದರಿಂದ ಹೊಗೆ ಬರುತ್ತದೆ, ಹೂವನ್ನು ಅದ್ದಿ ತೆಗೆದು ಪುಡಿ ಮಾಡುತ್ತಾರೆ, ಮಕ್ಕಳು ಕಿರುಚುತ್ತಾರೆ. ನಮ್ಮದು ನೊಣದ ಟೇಬಲ್, ಕಳಿತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ಹಣ್ಣಿನ ನೊಣದ್ದು. ಎರಡು ಮೈಕ್ರೋಸ್ಕೋಪ್, ನೊಣ ಸಾಕುವ ಒಂದಷ್ಟು ವಯಲ್ (ಪುಟ್ಟ ಸೀಸೆ), ಯಾರೂ ಓದದ ಒಂದು ಪೋಸ್ಟರ್. ಮೊದಲನೇ ಮೈಕ್ರೋಸ್ಕೋಪಿನಲ್ಲಿ ಬಿಳಿ ಕಣ್ಣಿನ ನೊಣ. 1910ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಕಣ್ಣಿಗೆ ಬಿದ್ದದ್ದು ಇಂಥದ್ದೇ ಒಂದು. ಎರಡನೆಯದರಲ್ಲಿ ಆಂಟೆನಾಪೀಡಿಯಾ. ಮೀಸೆ ಇರಬೇಕಾದ ಜಾಗದಲ್ಲಿ ಕಾಲು ಬೆಳೆದಿರುವ ನೊಣ.

ರಾಮನಗರದ ಕಡೆಯ ಒಂದು ಸರ್ಕಾರಿ ಶಾಲೆಯಿಂದ ಮಕ್ಕಳು ಬಂದಿದ್ದರು. ಜೊತೆಗೆ ಬಂದ ಮೇಷ್ಟ್ರು ಪಾಪ, ಇಡೀ ಹೊತ್ತು ತಲೆ ಎಣಿಸುವುದರಲ್ಲೇ ಇದ್ದರು. ಕೆಟ್ಟವರಲ್ಲ. ಶನಿವಾರ ಮಧ್ಯಾಹ್ನ ಮನೆಗೆ ಹೋಗುವುದು ಬಿಟ್ಟು ಮಕ್ಕಳನ್ನು ಬಸ್ಸಿನಲ್ಲಿ ಇಷ್ಟು ದೂರ ಕರೆತಂದವರನ್ನು ಕೆಟ್ಟವರು ಅನ್ನಲಾಗುತ್ತದಾ? ಆದರೆ ಅವರಿಗೆ ಒಂದೇ ಒಂದು ಪ್ರಶ್ನೆ ಇತ್ತು. "ಇದರಿಂದ ಮನುಷ್ಯರಿಗೆ ಏನು ಉಪಯೋಗ? ಅದನ್ನ ಹೇಳಿ ಮೇಡಂ, ಬರ್ಕೊಳ್ತಾರೆ."

ಈ ಪ್ರಶ್ನೆಗೆ ನಮ್ಮೆಲ್ಲರ ಬಳಿ ಉತ್ತರ ಸಿದ್ಧವಾಗಿರುತ್ತದೆ. 1980ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶಾಸ್ ನೊಣದ ಮರಿಯ ಮೈಪಟ್ಟಿಗಳನ್ನು ಕೆಡಿಸುವ 15 ಜೀನ್‌ಗಳನ್ನು ಪಟ್ಟಿ ಮಾಡಿದರು. ಇಬ್ಬರೂ ಒಂದೇ ಮೈಕ್ರೋಸ್ಕೋಪಿಗೆ ಎದುರುಬದುರು ಕೂತು ಸತ್ತ ಮರಿಗಳನ್ನು ನೋಡಿದವರು. ಆ ಪಟ್ಟಿಯಲ್ಲಿ ಹೆಡ್ಜ್‌ಹಾಗ್ ಅನ್ನುವ ಒಂದು ಜೀನ್ ಇತ್ತು. ಅದರ ನೆಂಟರು ನಮ್ಮ ಮೈಯಲ್ಲೂ ಇದ್ದಾರೆ. ಅದು ಜೀವಕೋಶಗಳಿಗೆ ಸಂದೇಶ ಮುಟ್ಟಿಸುವ ದಾರಿ ಎಡವಟ್ಟಾದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆ. ಆ ದಾರಿಯನ್ನೇ ತಡೆಯುವ ಔಷಧಿಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮಕ್ಕಳು ಬರೆದುಕೊಂಡರು. "ಕ್ಯಾನ್ಸರ್" ಅಂದ ಕೂಡಲೇ ಮೇಷ್ಟ್ರ ಮುಖ ಅರಳಿತು.

ಆ ಹುಡುಗಿ ಬರೆದುಕೊಳ್ಳಲಿಲ್ಲ. ವಯಲ್ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಅಕ್ಕಾ, ನಮ್ಮ ಮಾವಿನಕಾಯಿಗೆ ಹುಳ ಬೀಳ್ಸೋದು ಇದೇನಾ?"

"ಅಲ್ಲಮ್ಮ, ಅದು ಬೇರೆ. ಅದು ದೊಡ್ಡದು, ಗಟ್ಟಿ ಕಾಯಿಗೇ ಚುಚ್ಚಿ ಮೊಟ್ಟೆ ಇಡುತ್ತೆ. ಇದಕ್ಕೆ ಕಳಿತ ಹಣ್ಣೇ ಬೇಕು."

"ಹೂಂ. ಅದಕ್ಕೆ ನಮ್ಮಪ್ಪ ಮರಕ್ಕೆ ಬಾಟ್ಲಿ ಕಟ್ತಾರೆ. ಬರೀ ಗಂಡು ನೊಣನೇ ಬೀಳೋದು."

ಹೌದು, ಆ ಬಾಟಲಿಯ ಮೀಥೈಲ್ ಯುಜಿನಾಲ್ ವಾಸನೆಗೆ ಬರುವುದು ಗಂಡುಗಳೇ. ಎಂಟನೇ ಕ್ಲಾಸಿನವಳಿಗೆ ಇದು ಗೊತ್ತಿದೆ. ಇದಕ್ಕೆ ಏನು ಊಟ ಹಾಕ್ತೀರಾ ಅಂತ ಕೇಳಿದಳು. ಇಲ್ಲಿ ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್, ಗಟ್ಟಿಯಾಗಲು ಅಗರ್. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮಾಡುವಾಗ ರವೆ, ಬೆಲ್ಲ, ಅಗರ್, ಬೂಷ್ಟು ಬರದಿರಲಿ ಅಂತ ಸ್ವಲ್ಪ ಪ್ರೊಪಿಯಾನಿಕ್ ಆಸಿಡ್. ಮೈಸೂರಿನ ನೊಣಗಳಿಗೆ ರವೆ-ಬೆಲ್ಲ ಅಂದಾಗ ಹಿಂದೆ ನಿಂತಿದ್ದ ಹುಡುಗರು ನಕ್ಕರು. ಈಗಲೂ ನನಗೆ ಮೈಸೂರಿನ ಅಡುಗೆಯೇ ಮೇಲು ಅನ್ನಿಸುತ್ತದೆ. ಲ್ಯಾಬ್‌ನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ.

ಆಮೇಲೆ ಎರಡನೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ಅವಳಿಗೆ ಮೊದಲು ನೋಡಿದವರೆಲ್ಲ ಒಂದೋ "ಛೀ" ಅಂದಿದ್ದರು, ಇಲ್ಲಾ "ಅಯ್ಯೋ ಪಾಪ" ಅಂದಿದ್ದರು. ಇವಳು ಏನೂ ಅನ್ನಲಿಲ್ಲ. ಹಿಂದಿನಿಂದ ತಳ್ಳುತ್ತಿದ್ದರೂ ಕದಲಲಿಲ್ಲ.

"ಅಕ್ಕಾ, ಅದಕ್ಕೆ ಗೊತ್ತಾ?"

"ಏನು ಗೊತ್ತಾ?"

"ತಲೆ ಮೇಲೆ ಕಾಲೈತೆ ಅಂತ."

ಮೇಷ್ಟ್ರು ಅಲ್ಲಿಂದಲೇ, "ಏಯ್, ಮೇಡಂ ಅನ್ನು. ಏನೇನೋ ಕೇಳ್ಬೇಡ" ಅಂದರು.

ನಾನು ಹೇಳಿದೆ. ನೊಣಗಳಿಗೆ ಕಾಲಲ್ಲೂ ರುಚಿ ಗೊತ್ತಾಗುತ್ತದೆ. ಹಸಿದ ನೊಣದ ಕಾಲಿಗೆ ಸಕ್ಕರೆ ನೀರು ಮುಟ್ಟಿಸಿದರೆ ತಕ್ಷಣ ಸೊಂಡಿಲು ಚಾಚುತ್ತದೆ. ತಲೆ ಮೇಲಿನ ಈ ಕಾಲಿಗೆ ಮುಟ್ಟಿಸಿದರೆ? 1970ರ ದಶಕದಲ್ಲೇ ಅದನ್ನೂ ಮಾಡಿ ನೋಡಿದ್ದಾರೆ. ಆಗಲೂ ಸೊಂಡಿಲು ಚಾಚುತ್ತದೆ. ನೆಲಕ್ಕೇ ಎಟುಕದ ಕಾಲು, ನಡೆಯಲು ಬಾರದ ಕಾಲು. ಆದರೂ ಸಿಹಿ ಯಾವುದು ಅಂತ ಅದಕ್ಕೆ ತಿಳಿಯುತ್ತದೆ.

ಅವಳು ಒಂದು ನಿಮಿಷ ಯೋಚಿಸಿದಳು. ಆಮೇಲೆ ಹೇಳಿದಳು: "ಹಂಗಾದ್ರೆ ಕಾಲಿಗೆ ಗೊತ್ತು. ನೊಣಕ್ಕೆ ಗೊತ್ತಿಲ್ಲ."

ಅಷ್ಟೇ. ಹೋದಳು.

ಆ ದಿನ ಸಂಜೆ ವಯಲ್‌ಗಳನ್ನೆಲ್ಲ ಟ್ರೇಗೆ ಜೋಡಿಸುವಾಗ ನಮ್ಮ ಸೀನಿಯರ್‌ಗೆ ಹೇಳಿದೆ. ಅವನು ಕ್ರಾಸ್ ಹಾಕುವುದರಲ್ಲಿ, ಅಂದರೆ ಬೇಕಾದ ಗಂಡು-ಹೆಣ್ಣು ನೊಣ ಆರಿಸಿ ಕೂಡಿಸುವುದರಲ್ಲಿ, ಎತ್ತಿದ ಕೈ. ಮನುಷ್ಯರ ಜೊತೆ ಮಾತಾಡುವುದು ಮಾತ್ರ ಅಷ್ಟಕ್ಕಷ್ಟೆ. "ತಪ್ಪು. ಸೊಂಡಿಲು ಚಾಚು ಅಂತ ಹೇಳಿದ್ದು ಮಿದುಳು. ಅಂದ್ರೆ ನೊಣಕ್ಕೂ ಗೊತ್ತಾಯ್ತು" ಅಂದ. ಸಕ್ಕರೆ ಸಿಕ್ಕಿದ್ದು ಗೊತ್ತಾಯಿತು, ನಿಜ. ಆದರೆ ಅವಳು ಕೇಳಿದ್ದು ಸಕ್ಕರೆಯ ವಿಷಯ ಅಲ್ಲವಲ್ಲ. ಕಾಲು ಇರಬಾರದ ಕಡೆ ಇದೆ ಅಂತ ಗೊತ್ತಾ ಅಂತ. ನಾವು ವಾದ ಮಾಡುತ್ತಾ ಮಾಡುತ್ತಾ ಕ್ಯಾಂಟೀನ್ ಮುಚ್ಚಿತು.

ನಾನು ಆ ಹುಡುಗಿಯ ಕಡೆ. ಯಾಕೆ ಅಂತ ಹೇಳುತ್ತೇನೆ.

ಆಂಟೆನಾಪೀಡಿಯಾ ಜೀನ್ ಸಾಮಾನ್ಯವಾಗಿ ನೊಣದ ಎದೆ ಭಾಗದಲ್ಲಿ ಕೆಲಸ ಮಾಡುತ್ತದೆ. ಈ ಮ್ಯುಟೆಂಟ್‌ನಲ್ಲಿ, ಅಂದರೆ ಜೀನ್ ಬದಲಾದ ನೊಣದಲ್ಲಿ, ಅದು ತಲೆಯಲ್ಲೂ ಎದ್ದು ಕೂರುತ್ತದೆ. ಮೀಸೆ ಆಗಬೇಕಿದ್ದ ಜೀವಕೋಶಗಳು ನಾವು ಎದೆಯಲ್ಲಿದ್ದೇವೆ ಅಂದುಕೊಂಡು ಕಾಲು ಕಟ್ಟುತ್ತವೆ. ಅರೆಬರೆ ಮನಸ್ಸಿನಿಂದಲ್ಲ, ಶ್ರದ್ಧೆಯಿಂದ. ಗಂಟು ಇದೆ, ಕೂದಲು ಇದೆ, ತುದಿಯಲ್ಲಿ ಉಗುರು ಇದೆ. ಕೆಲಸದಲ್ಲಿ ಕುಂದಿಲ್ಲ, ವಿಳಾಸ ಮಾತ್ರ ತಪ್ಪು. "ಏ, ಇದು ತಲೆ ಕಣ್ರೋ" ಅಂತ ಹೇಳುವವರು ಆ ಮೈಯಲ್ಲಿ ಯಾರೂ ಇಲ್ಲ. ಕಣ್ಣಿನ ಕೋಶಗಳು ಪಕ್ಕದಲ್ಲೇ ಇವೆ. ಅವು ತಮ್ಮ ಪಾಡಿಗೆ ಕಣ್ಣು ಮಾಡಿಕೊಂಡಿವೆ.

ಸರಿಯಾದ ನೊಣದಲ್ಲೂ ಹೀಗೇ. ಮೊಟ್ಟೆಯ ಮೊದಲ 13 ವಿಭಜನೆಗಳಲ್ಲಿ ನಡುವೆ ಗೋಡೆಯೇ ಏಳುವುದಿಲ್ಲ. ಮೂರು ಗಂಟೆ ಆಗುವ ಹೊತ್ತಿಗೆ ಒಂದೇ ಚೀಲದಲ್ಲಿ ಸುಮಾರು 6000 ನ್ಯೂಕ್ಲಿಯಸ್, ಅಂದರೆ ಕೋಶಕೇಂದ್ರಗಳು. ಎಲ್ಲದರಲ್ಲೂ ಇರುವುದು ಅದೇ ಡಿಎನ್‌ಎ. ತಲೆ ಯಾರು, ಬಾಲ ಯಾರು? ತಾಯಿ ನೊಣ ಮೊಟ್ಟೆಯ ಮುಂದಿನ ತುದಿಯಲ್ಲಿ ಬೈಕಾಯ್ಡ್ ಅನ್ನುವ ಜೀನಿನ ಆರ್‌ಎನ್‌ಎ, ಅಂದರೆ ಪ್ರೋಟೀನ್ ಮಾಡುವ ಸೂಚನೆಯ ಪ್ರತಿ, ಇಟ್ಟಿರುತ್ತಾಳೆ. ಅದರಿಂದ ಆಗುವ ಪ್ರೋಟೀನ್ ಹಿಂದಕ್ಕೆ ಹರಡುತ್ತಾ ತೆಳುವಾಗುತ್ತದೆ. ಅಡುಗೆಮನೆಯ ಒಗ್ಗರಣೆ ವಾಸನೆ ನಡುಮನೆಯಲ್ಲಿ ಸ್ವಲ್ಪ ಕಮ್ಮಿ, ಜಗುಲಿಯಲ್ಲಿ ಇನ್ನೂ ಕಮ್ಮಿ ಇರುತ್ತದಲ್ಲ, ಹಾಗೆ. ಘಾಟು ಜಾಸ್ತಿ ಬಡಿದವರು ತಲೆ ಆಗುತ್ತಾರೆ. ಮಧ್ಯಮ ಬಡಿದವರು ಎದೆ. ತಾಯಿಯಲ್ಲಿ ಬೈಕಾಯ್ಡ್ ಇಲ್ಲದಿದ್ದರೆ ಮರಿಗೆ ತಲೆಯೂ ಇಲ್ಲ, ಎದೆಯೂ ಇಲ್ಲ. ಮುಂದಿನ ತುದಿಯಲ್ಲೂ ಬಾಲದ ಭಾಗವೇ ಬೆಳೆಯುತ್ತದೆ.

ಇಡೀ ನೊಣ ಹೇಗಿರಬೇಕು ಅಂತ ತಿಳಿದವರು ಇದರಲ್ಲಿ ಯಾರೂ ಇಲ್ಲ. ಪ್ರತಿಯೊಬ್ಬರಿಗೂ ತಾನು ನಿಂತ ಜಾಗದ ವಾಸನೆ ಗೊತ್ತು, ಪಕ್ಕದವರು ಏನು ಅಂದರು ಅಂತ ಗೊತ್ತು. ಅಷ್ಟರಲ್ಲೇ 25 ಡಿಗ್ರಿಯಲ್ಲಿ ಹತ್ತೇ ದಿನಕ್ಕೆ ಹಾರುವ ನೊಣ ತಯಾರು. ಇದನ್ನು ನಾನು ಪರೀಕ್ಷೆಗೆ ಓದಿದ್ದೇನೆ, ಸೆಮಿನಾರ್ ಕೊಟ್ಟಿದ್ದೇನೆ. ಕಾಲಿಗೆ ಗೊತ್ತು, ನೊಣಕ್ಕೆ ಗೊತ್ತಿಲ್ಲ ಅಂತ ಎರಡೇ ಮಾತಲ್ಲಿ ಯಾರೂ ಹೇಳಿರಲಿಲ್ಲ.

ಭಾನುವಾರ ಬಟ್ಟೆ ಒಗೆಯುವಾಗ ಅಜ್ಜಿ ನೆನಪಾದರು. ಅಜ್ಜಿಯ ಬಲಗೈಯಲ್ಲಿ ಹೆಬ್ಬೆರಳ ಪಕ್ಕ ಇನ್ನೊಂದು ಪುಟ್ಟ ಬೆರಳಿತ್ತು. ಅದಕ್ಕೆ ಉಗುರೂ ಇತ್ತು. ಮಡಿಸಲು ಬರುತ್ತಿರಲಿಲ್ಲ. ಆದರೆ ಬಿಸಿ ಪಾತ್ರೆ ತಾಗಿದರೆ ಚುರುಕ್ ಅನ್ನುತ್ತಿತ್ತಂತೆ. ನಮ್ಮಲ್ಲಿ ಬೆರಳುಗಳ ಲೆಕ್ಕ ಇಡುವುದರಲ್ಲೂ ಹೆಡ್ಜ್‌ಹಾಗ್‌ನ ನೆಂಟನಿದ್ದಾನೆ, ಸಾನಿಕ್ ಹೆಡ್ಜ್‌ಹಾಗ್. ಹೊಟ್ಟೆಯಲ್ಲಿರುವ ಮಗುವಿನ ಕೈಯಲ್ಲಿ ಅದು ಕಿರುಬೆರಳ ಕಡೆ ಇರಬೇಕು. ಹೆಬ್ಬೆರಳ ಕಡೆಯೂ ಎದ್ದರೆ ಅಲ್ಲಿ ಬೆರಳು ಹೆಚ್ಚಾಗಬಹುದು. ಅಜ್ಜಿಗೆ ಆಗಿದ್ದು ಇದೇನಾ ಅಂತ ಯಾರೂ ಪರೀಕ್ಷೆ ಮಾಡಿಲ್ಲ, ಕಾರಣಗಳು ಬೇರೆಯೂ ಇವೆ. ಆದರೂ ಆ ಬೆರಳು ನನಗೆ ಈಗ ಹೊಸದಾಗಿ ಕಾಣುತ್ತಿದೆ. ಅದೂ ತನ್ನ ಪಾಡಿಗೆ ತಾನು ಸರಿಯಾಗಿಯೇ ಬೆರಳಾಗಿತ್ತು.

ಆದರೆ ಅಜ್ಜಿಗೆ ಗೊತ್ತಿತ್ತು, ಅಲ್ವಾ? ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ಕೊಡುವಾಗ ಬಲಗೈಗೆ ಸೆರಗು ಸುತ್ತಿಕೊಂಡಿದ್ದರಂತೆ. ಮೊದಲು ಬಂದವರು ಬೆರಳು ನೋಡಿ ಎದ್ದು ಹೋಗಿದ್ದರು. ತಾತನ ಮನೆಯವರು ಮಾತ್ರ "ಆರು ಬೆರಳು ಅದೃಷ್ಟ" ಅಂದರು. ಅದೇ ಬೆರಳು. ಒಂದು ಮನೆಯಲ್ಲಿ ಊನ, ಇನ್ನೊಂದು ಮನೆಯಲ್ಲಿ ಲಕ್ಷ್ಮಿ. ತನ್ನ ಕೈಯಲ್ಲಿ ಹೆಚ್ಚಿನದೊಂದು ಇದೆ ಅನ್ನುವುದನ್ನು ಅಜ್ಜಿಗೆ ಕೈ ಹೇಳಿಕೊಡಲಿಲ್ಲ, ನೆಂಟರು ಹೇಳಿಕೊಟ್ಟರು. ನೊಣಕ್ಕೆ ಆ ಕಾಟವಿಲ್ಲ. ಸಾಲಿನಲ್ಲಿ ನಿಂತ ಮಕ್ಕಳು "ಅಯ್ಯೋ ಪಾಪ" ಅಂದಿದ್ದು ಅದಕ್ಕೆ ಕೇಳಿಸುವುದೂ ಇಲ್ಲ. ಆ ಹುಡುಗಿ ಪಾಪ ಅನ್ನದೆ ನೇರವಾಗಿ ಅದಕ್ಕೆ ಗೊತ್ತಾ ಅಂತ ಕೇಳಿದ್ದು ಇದಕ್ಕೇ ನನಗೆ ಹಿಡಿಸಿತು ಅಂತ ಕಾಣುತ್ತದೆ.

ಸೀನಿಯರ್‌ಗೆ ಇದನ್ನೂ ಹೇಳಿದೆ. "ನೀನು ಡೇಟಾ ಬಿಟ್ಟು ಅಜ್ಜಿಗೆ ಹೋದೆ" ಅಂದ. ಹೋಗಲಿ ಬಿಡಿ.

ಸೋಮವಾರ ಮೇಷ್ಟ್ರಿಗೆ ಮೆಸೇಜ್ ಮಾಡಿದೆ. ಮ್ಯುಟೆಂಟ್ ಕೊಡಲು ಆಗುವುದಿಲ್ಲ, ಸಾಮಾನ್ಯ ನೊಣಗಳ ಕೆಲವು ಬಾಟಲಿ ಮತ್ತು ಒಂದು ಭೂತಗನ್ನಡಿ ಕಳಿಸುತ್ತೇನೆ, ಮೊಟ್ಟೆ, ಹುಳು, ಗೂಡು, ನೊಣ ಎಲ್ಲವನ್ನೂ ಮಕ್ಕಳು ತರಗತಿಯಲ್ಲೇ ನೋಡಬಹುದು, ಆ ಹುಡುಗಿಗೆ ನೋಡಿಕೊಳ್ಳಲು ಹೇಳಿ ಅಂತ. ಉತ್ತರ ಬಂತು: "ಒಳ್ಳೇದು ಮೇಡಂ. ಈಗ ಪರೀಕ್ಷೆ, ಆಮೇಲೆ ರಜೆ. ಜೂನ್‌ನಲ್ಲಿ ನೋಡೋಣ." ಬಾಟಲಿ ಬದಲಿಸುವುದು ಕಷ್ಟ ಅಂದುಕೊಂಡರೋ ಏನೋ ಅನ್ನಿಸಿ, ಫುಡ್ ಬಗ್ಗೆ ಯೋಚನೆ ಬೇಡ, ರವೆ, ಬೆಲ್ಲಕ್ಕೆ ಅಗರ್ ಮತ್ತು ಆಸಿಡ್ ಹಾಕಿ ಮಾಡಿದ್ದನ್ನು ನಾನೇ ತಂದುಕೊಡುತ್ತೇನೆ ಅಂತ ಬರೆದೆ. ಅದಕ್ಕೆ ಒಂದು ಹೆಬ್ಬೆರಳು ಬಂತು.