ಐದು ಯೂರೋ ಸೀಟು, ಮೋಲಿಯೇರನ ಕುರ್ಚಿ

ಪ್ಯಾರಿಸ್ಸಿನ ನಾಟಕ ಮಂಡಳಿ ಕೊಮೆದಿ ಫ್ರಾಂಸೇಸ್‌ನಲ್ಲಿ ಅಗ್ಗದ ಟಿಕೆಟ್ ಸಿಗುವುದು ಮುಖ್ಯ ಬಾಗಿಲಲ್ಲಲ್ಲ, ಪಕ್ಕದ ಮಾಂಪಾಂಸಿಯೆ ಬೀದಿಯ ಪುಟ್ಟ ಕೌಂಟರಿನಲ್ಲಿ. ನಾಟಕಕ್ಕೆ ಒಂದು ಗಂಟೆ ಮೊದಲು ತೆರೆಯುತ್ತದೆ. ಆವತ್ತು ಅಲ್ಲಿದ್ದದ್ದು 95 ಸೀಟು, ಒಂದಕ್ಕೆ 5 ಯೂರೋ.

ಸಾಲಿನಲ್ಲಿ ನಿಂತು ವೇಳಾಪಟ್ಟಿ ಓದಿದರೆ ತಲೆ ತಿರುಗುತ್ತದೆ: ಇವತ್ತೊಂದು ನಾಟಕ, ನಾಳೆ ಇನ್ನೊಂದು. ಇದಕ್ಕಾಗಿ ರಾತ್ರಿಯ ಸೆಟ್ಟು ಬಿಚ್ಚಿ, ಮಧ್ಯಾಹ್ನದ ತಾಲೀಮಿಗೆ ಬೇರೆ ಸೆಟ್ಟು ಕಟ್ಟಿ, ಅದನ್ನೂ ಬಿಚ್ಚಿ ಸಂಜೆಯದನ್ನು ನಿಲ್ಲಿಸಬೇಕು. ಹಾಗಾಗಿ ಸೆಟ್ಟು ತುಂಡುತುಂಡಾಗಿ ಬಿಚ್ಚಿಕೊಳ್ಳುವಂತಿರಬೇಕು. ಚಂದ ಆಮೇಲಿನ ಮಾತು. ಅವನ್ನು ತಯಾರಿಸುವ ಕಾರ್ಯಾಗಾರ ಊರಾಚೆ ಸಾರ್ಸೆಲ್‌ನಲ್ಲಿದೆ.

ಅಗ್ಗದ ಸೀಟೆಂದರೆ ಅರ್ಧ ರಂಗವೇ ಕಾಣದ ಸೀಟು. ಲಾಳದಾಕಾರದ ಈ ರಂಗಮಂದಿರದಲ್ಲಿ ಬಲಬದಿಯಲ್ಲಿ ಕೂತರೆ ರಂಗದ ಬಲಮೂಲೆ ಮರೆಯಾಗುತ್ತದೆ, ಎಡಬದಿಯಲ್ಲಿ ಕೂತರೆ ಎಡಮೂಲೆ. ಅಲ್ಲಿ ಎಡ ಬಲ ಎನ್ನುವುದಿಲ್ಲ: ಪ್ರೇಕ್ಷಕರ ಎಡ 'ತೋಟ', ಬಲ 'ಅಂಗಳ'. ನಟನ ಎಡ ನಮ್ಮ ಬಲವಾಗುವ ಗೊಂದಲಕ್ಕೆ ಇದೇ ಮದ್ದು. 1770ರಿಂದ 1782ರವರೆಗೆ ಈ ಮಂಡಳಿ ಆಡುತ್ತಿದ್ದ ತ್ವಿಲರಿ ಅರಮನೆಯಲ್ಲಿ ಒಂದು ಕಡೆ ತೋಟ, ಇನ್ನೊಂದು ಕಡೆ ಅಂಗಳ ಇತ್ತು. ಆ ಅರಮನೆ ಈಗಿಲ್ಲ, ಮಾತು ಉಳಿದಿದೆ.

ಈ ಮಂಡಳಿಗೆ ಮನೆ ಬದಲಿಸುವುದು ಹೊಸದೇನಲ್ಲ. 1680ರಲ್ಲಿ 14ನೇ ಲೂಯಿ ಎರಡು ಮಂಡಳಿಗಳನ್ನು ಕೂಡಿಸಿ ಒಂದು ಮಾಡಿದ. ನಾಟಕಕಾರ, ನಟ ಮೋಲಿಯೇರ್ ತೀರಿ ಆಗಲೇ ಏಳು ವರ್ಷ. ಹಾಗಿದ್ದೂ ಇದನ್ನು ಜನ ಕರೆಯುವುದು 'ಮೋಲಿಯೇರನ ಮನೆ' ಎಂದೇ. ಫ್ರೆಂಚ್ ಕ್ರಾಂತಿಯಲ್ಲಿ ಒಡೆದುಹೋದ ನಟರು 1799ರಲ್ಲಿ ಮತ್ತೆ ಸೇರಿದ್ದು ಈ ರಿಷೆಲ್ಯು ಮಂದಿರದಲ್ಲಿ. 1900ರ ಮಾರ್ಚ್ 8ರಂದು ಬೆಂಕಿ ಬಿದ್ದು ಝಾನ್ ಆಂರ್ಯೊ ಎಂಬ ಯುವ ನಟಿ ಸತ್ತಳು. ಅದೇ ವರ್ಷದ ಕೊನೆಗೆ ಬಾಗಿಲು ಮತ್ತೆ ತೆರೆಯಿತು. ಮಂಡಳಿಯ ನಟರಲ್ಲಿ ಹೊಸಬರಿಗೆ ಸಂಬಳ, ಆಯ್ಕೆಯಾದ ಹಿರಿಯರಿಗೆ ಲಾಭದಲ್ಲಿ ಪಾಲು. ಆ ಪಾಲನ್ನು ಹನ್ನೆರಡನೇ ಒಂದರ ಲೆಕ್ಕದಲ್ಲಿ ಹಂಚುತ್ತಾರೆ.

ವಿರಾಮದಲ್ಲಿ ಎಲ್ಲರೂ ಗಾಜಿನೊಳಗಿನ ಕುರ್ಚಿಯತ್ತ ಹೋಗುತ್ತಾರೆ. 1673ರ ಫೆಬ್ರವರಿ 17ರಂದು ತನ್ನದೇ ನಾಟಕ 'ಕಲ್ಪನೆಯ ರೋಗಿ'ಯ ನಾಲ್ಕನೇ ಪ್ರದರ್ಶನದಲ್ಲಿ ಮೋಲಿಯೇರ್ ಕೂತದ್ದು ಇದರಲ್ಲೇ. ಆಟ ಮುಗಿಸಿ ಮನೆಗೆ ಹೋದವನು ಅದೇ ರಾತ್ರಿ ತೀರಿಕೊಂಡ. ಚರ್ಮ ಸವೆದಿದೆ, ಬೆನ್ನು ಹಿಂದಕ್ಕೆ ಬಾಗಿಸುವ ಹಲ್ಲುಪಟ್ಟಿ ಇನ್ನೂ ಇದೆ. ಅವನ ನಂತರವೂ ಸುಮಾರು ಇನ್ನೂರು ವರ್ಷ ಇದನ್ನೇ ರಂಗದ ಮೇಲೆ ಬಳಸಿದರು. ಆಮೇಲಷ್ಟೇ ಗಾಜಿನೊಳಗೆ ಇಟ್ಟರು.