ತಂತಿಯ ಮೇಲೂ ಹೂ

ಹವಳದ ಬಳ್ಳಿಯನ್ನು ನೆಟ್ಟವಳು ನಾನೇ. ಹಾಗಾಗಿ ಬೈಯಲು ಬೇರೆ ಯಾರೂ ಸಿಗುವುದಿಲ್ಲ. ಬೋಳು ಗೋಡೆಗೆ ಒಂದಿಷ್ಟು ಹಸಿರಿರಲಿ ಎಂದು ಗೇಣುದ್ದದ ಸಸಿ ಊರಿದ್ದೆ. ಮೂರನೆಯ ವರ್ಷಕ್ಕೆ ಗೋಡೆ ಕಾಣದಾಯಿತು, ಆಮೇಲೆ ದಾಸವಾಳ ಕಾಣದಾಯಿತು. ಕಳೆದ ಭಾನುವಾರ ನೋಡಿದರೆ ಬಟ್ಟೆ ಒಣಹಾಕುವ ತಂತಿಯೂ ಹೂಬಿಟ್ಟಿತ್ತು.

ಕತ್ತರಿ ಹಿಡಿದು ಹೋದವಳು ಹದಿನೈದು ನಿಮಿಷ ಸುಮ್ಮನೆ ನಿಂತೆ. ಕಾಗದದಲ್ಲಿ ಮಡಚಿಟ್ಟಂಥ ಗುಲಾಬಿ ಹೂಗಳು. ಇವು ಉದುರುವುದಿಲ್ಲ. ಆ ಎಸಳುಗಳೇ ದೊಡ್ಡದಾಗಿ ಒಳಗಿನ ಬೀಜವನ್ನು ಸುತ್ತಿಕೊಳ್ಳುತ್ತವೆ. ಗೊಂಚಲಿನ ತುದಿ ಹೂವಿನಲ್ಲಿ ಮುಗಿಯದೆ ಕವಲೊಡೆದ ನುಲಿ ಎಳೆಯಾಗುತ್ತದೆ. ಒಂದು ಗೊಂಚಲು ನನ್ನ ಹಳೆಯ ಟವೆಲ್ಲಿನ ಅಂಚನ್ನು ಮೂರು ಸುತ್ತು ಸುತ್ತಿಕೊಂಡಿತ್ತು. ಚೆಂದ ತೋರಿಸುವುದೂ ಜಾಗ ಹಿಡಿಯುವುದೂ ಒಂದೇ ಕಡ್ಡಿಯ ಕೆಲಸ!

ಇಷ್ಟು ವರ್ಷ ನಾನು ಮಾಡಿದ್ದು ಬರೀ ಕ್ಷೌರ. ಮೇಲೆ ಕತ್ತರಿಸಿದಷ್ಟೂ ಕೆಳಗಿನಿಂದ ಚಿಗುರಿತು. ಈ ಸಲ ಗುದ್ದಲಿ ಹಿಡಿದೆ. ಮೊದಲು ಗೆಣಸಿನಂಥ ಒಂದು ಗಡ್ಡೆ, ಅದರ ಮಗ್ಗುಲಲ್ಲಿ ಇನ್ನೊಂದು, ಅದನ್ನು ಎಳೆದರೆ ದಾರದಂಥ ಬೇರಿಗೆ ಪೋಣಿಸಿದ ನಾಲ್ಕು ಮರಿಗಳು. ಮಧ್ಯಾಹ್ನದ ಹೊತ್ತಿಗೆ ಒಂದು ಬಕೆಟ್ ತುಂಬಿ, ಸೊಂಟ ಹಿಡಿಯಿತು. ಮೆಕ್ಸಿಕೋದ ಮೂಲದ ಈ ಬಳ್ಳಿ ಪೆಸಿಫಿಕ್ ದ್ವೀಪಗಳಲ್ಲಿ ಕಾಡಿನ ಅಂಚನ್ನೇ ಹೊದ್ದು ಮಲಗಿದ್ದು ಹೇಗೆ ಎಂದು ಆ ಬಕೆಟ್ ನೋಡಿದಾಗ ಅರ್ಥವಾಯಿತು.

ಗಡ್ಡೆಗಳನ್ನು ಗೊಬ್ಬರದ ಗುಂಡಿಗೆ ಹಾಕಲಿಲ್ಲ. ಹಾಕಿದರೆ ಅಲ್ಲೇ ಸಂಸಾರ ಹೂಡುತ್ತವೆ. ಸಿಮೆಂಟಿನ ನೆಲದ ಮೇಲೆ ಬಿಸಿಲಿಗೆ ಹರಡಿದೆ. ಬೀಜ ಬಲಿತ ಗೊಂಚಲುಗಳನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ಬೀಜ ನೀರಿನಲ್ಲಿ ತೇಲುತ್ತದೆ, ಚರಂಡಿಗೆ ಬಿದ್ದರೆ ಎಲ್ಲಿಗೆ ಹೋಗಿ ದಡ ಸೇರುವುದೋ. ಕತ್ತರಿಸಿ ಹಾಕಿದ ಹೂರಾಶಿಯನ್ನು ಮಾತ್ರ ಸಂಜೆಯವರೆಗೆ ಮುಟ್ಟಲಾಗಲಿಲ್ಲ. ಜೇನುಹುಳುಗಳು ಅದನ್ನು ಬಿಟ್ಟೇಳಲು ಒಪ್ಪಲಿಲ್ಲ.

ಅಷ್ಟರಲ್ಲಿ, ಬಳ್ಳಿ ತಮ್ಮ ಕಿಟಕಿಗೂ ಹಬ್ಬಿತೆಂದು ತಿಂಗಳಿನಿಂದ ಮುಖ ಊದಿಸಿಕೊಂಡಿದ್ದ ಪಕ್ಕದ ಮನೆಯವರು ಗೋಡೆಯಾಚೆ ಕಾಣಿಸಿಕೊಂಡರು. ಬಿಸಿಲಿಗಿಟ್ಟ ಗಡ್ಡೆಗಳನ್ನು ನೋಡಿ ಸ್ವರ ತಗ್ಗಿಸಿದರು.

"ಎಲ್ಲ ಕಿತ್ತುಬಿಟ್ಟಿರಾ? ಒಂದೇ ಒಂದು ಗಡ್ಡೆ ನನಗೆ ಕೊಡಿ, ಕುಂಡದಲ್ಲಿ ಹಾಕಿಕೊಳ್ಳುತ್ತೇನೆ."

ಎರಡು ಕೈ ತುಂಬ ಹೂ ಕೊಟ್ಟೆ. ಬಕೆಟ್ಟನ್ನು ಕಾಲಿನಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದೆ.