“ಒಳಗೆ ಏನು ಹಾಕಿದ್ದೀಯ?”

ಎಪ್ಪತ್ತು ದಾಟಿದ ಹೆಂಗಸೊಬ್ಬರು, ಮುಖಪರಿಚಯವೂ ಇಲ್ಲದವರು, ಬೆಳಗಿನ ಒಂಬತ್ತೂವರೆಗೆ ನಾಲ್ಕು ಜನರ ಎದುರು “ಒಳಗೆ ಏನು ಹಾಕಿದ್ದೀಯ?” ಅಂತ ಕೇಳಿದರೆ ಏನು ಹೇಳುವುದು? ಸೋಮವಾರದಿಂದ ಇದೇ ತಲೆಯಲ್ಲಿ ಸುತ್ತುತ್ತಿದೆ.

ನಾನಿರುವುದು ನೆದರ್ಲೆಂಡ್ಸಿನಲ್ಲಿ. ಡೆಲ್ಫ್ಟ್‌ನಿಂದ ರಾಟರ್‌ಡ್ಯಾಮ್ ಕಡೆಗೆ, ಸ್ಖೀ ಕಾಲುವೆಯ ದಂಡೆ ಹಿಡಿದು, ಆಫೀಸಿಗೆ ಸೈಕಲ್ಲಿನಲ್ಲಿ 13 ಕಿಲೋಮೀಟರ್. ಇಲ್ಲಿ ನನಗಿದು ಎರಡನೇ ಚಳಿಗಾಲ. ಮೊದಲನೆಯದನ್ನು ರೈಲಿನಲ್ಲೇ ಕಳೆದಿದ್ದೆ. ಸೋಮವಾರ ಮೊಬೈಲು ಮೈನಸ್ 4 ತೋರಿಸುತ್ತಿತ್ತು. ಈ ಊರಲ್ಲಿ ಚಳಿಗಾಲಕ್ಕೆ ಮೂಡಣ ಗಾಳಿ ಬೀಸಿತೆಂದರೆ ಆಕಾಶ ನೀಲಿ, ಬಿಸಿಲೂ ಇರುತ್ತದೆ. ಅದನ್ನು ನಂಬಿ ಹೊರಟವನ ಕಿವಿ ಮಾತ್ರ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಹಾಗಾಗಿ ಹತ್ತಿ ಬನಿಯನ್, ಅದರ ಮೇಲೆ ಊರಿಂದ ತಂದ ಥರ್ಮಲ್, ಅಮ್ಮ ಹೆಣೆದ ಸ್ವೆಟರ್, ಎಲ್ಲದರ ಮೇಲೆ ದಪ್ಪ ಜಾಕೆಟ್. ಬಾಗಿಲು ದಾಟುವಾಗ ಹಬೆಯಿಂದ ಆಗಷ್ಟೇ ಇಳಿಸಿದ ಇಡ್ಲಿ ಥರ ಇದ್ದೆ. ಐದನೇ ಕಿಲೋಮೀಟರಿಗೆ ಬೆನ್ನಲ್ಲಿ ಬೆವರಿಳಿಯಿತು. ಏಳನೆಯದರ ಹೊತ್ತಿಗೆ ಸೇತುವೆ, ದೋಣಿ ಬಂದರೆ ಮೇಲೆದ್ದು ದಾರಿ ಬಿಡುವಂಥದ್ದು. ಕೆಂಪು ದೀಪ, ಗಂಟೆ, ಗೇಟು.

ಮರಳು ತುಂಬಿದ ದೋಣಿ, ನಮ್ಮೂರ ಬಸವಣ್ಣನ ತೇರಿನ ವೇಗದಲ್ಲಿ ಬರುತ್ತಿತ್ತು. ಮೊದಲ ಎರಡು ನಿಮಿಷ ಹಾಯೆನಿಸಿತು. ಆಮೇಲೆ ಬೆನ್ನಿಗಂಟಿದ ಬನಿಯನ್ ತಣ್ಣಗಾಯಿತು. ಎಷ್ಟು ತಣ್ಣಗೆ ಅಂದರೆ ಯಾರೋ ಹಿಂದಿನಿಂದ ಒದ್ದೆ ಪಂಚೆ ಸುತ್ತಿ ಬಿಗಿಯುತ್ತಿದ್ದ ಹಾಗೆ. ಹಲ್ಲು ಕಟಕಟ ಶುರುವಾಯಿತು. ಪಕ್ಕದಲ್ಲಿ ಒಂದು ಕಾಲೂರಿ ನಿಂತಿದ್ದ ಅಜ್ಜಿ ತಿರುಗಿ ನೋಡಿದರು. ಅಜ್ಜಿ ಅನ್ನಲು ಸಂಕೋಚ, ಎರಡು ಕಿಲೋಮೀಟರ್ ಹಿಂದೆ ನನ್ನನ್ನು ಹಿಂದಿಕ್ಕಿದ್ದವರು ಅವರೇ. ಮೈಮೇಲೆ ಮಳೆಯಂಗಿಯಂಥ ತೆಳು ಜಾಕೆಟ್ ಅಷ್ಟೆ.

“ಒಳಗೆ ಏನು ಹಾಕಿದ್ದೀಯ?”

“ಹತ್ತಿ.”

“ಕಾಟೂನ್?”

ಆ ಡಚ್ ಪದವನ್ನು ಅವರು ಹೇಳಿದ ಧಾಟಿ ಕೇಳಬೇಕಿತ್ತು. ಊಟಕ್ಕೆ ಕರೆದವರ ಮನೆಯಲ್ಲಿ ಎಲೆ ಮೇಲೆ ಜಿರಳೆ ಕಂಡ ಧಾಟಿ.

“ಮನೆಯಿಂದ ಹೊರಟಾಗ ಚಳಿಯಾಯಿತಾ?”

“ಇಲ್ಲ, ಬೆಚ್ಚಗಿತ್ತು.”

“ಹಾಗಾದರೆ ತಪ್ಪು ಹಾಕಿದ್ದೀಯ.”

ಇಷ್ಟು ಹೇಳಿ ಜಾಕೆಟ್ಟಿನ ಜಿಪ್ಪನ್ನು ನಾಲ್ಕು ಬೆರಳು ಇಳಿಸಿ ಕೊರಳ ಹತ್ತಿರ ತೋರಿಸಿದರು. ಮೇಲೆ ತೆಳುವಾದ ಉಣ್ಣೆ. ಅದರಡಿ, ಮೀನಿನ ಬಲೆಯಂಥ ತೂತು ತೂತು ಬನಿಯನ್. ನಾನು ದೋಣಿ ನೋಡತೊಡಗಿದೆ. ಡಚ್ಚರ ನೇರ ಮಾತಿನ ಬಗ್ಗೆ ಕೇಳಿದ್ದೆ. ಅದು ಒಳಉಡುಪಿನವರೆಗೂ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ.

ಆ “ಕಾಟೂನ್?” ಯಾಕೆ ಅಷ್ಟು ಚುಚ್ಚಿತು ಅಂದರೆ, ನಾನು ದಾವಣಗೆರೆಯವನು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು. ಅಪ್ಪ ಹತ್ತಿ ಗಿರಣಿಯಲ್ಲಿ ದುಡಿದವರು, ನಮ್ಮ ಅನ್ನ ಬಂದದ್ದೇ ಅದರಿಂದ. ಟೆರಿಲಿನ್ ಅಂಗಿ ಹಾಕಿದವರನ್ನು ಕಂಡರೆ “ಪ್ಲಾಸ್ಟಿಕ್ ಚೀಲದಾಗ ಮನುಷ್ಯ” ಅನ್ನುತ್ತಿದ್ದರು. ಆದರೆ ರಾತ್ರಿ ಕೂತು ಯೋಚಿಸಿದರೆ ಅಜ್ಜಿ ಹೇಳಿದ್ದು ಸರಿ. ಹತ್ತಿ ಬೆವರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಅದು ಆರುವಾಗ ಮೈಯ ಬಿಸಿಯನ್ನು ಒಯ್ಯುತ್ತದೆ. ಏಪ್ರಿಲ್‌ನ ಬಿಸಿಲಲ್ಲಿ ಅದಕ್ಕಿಂತ ಸುಖ ಇನ್ನೊಂದಿಲ್ಲ, ಮಣ್ಣಿನ ಗಡಿಗೆ ನೀರನ್ನು ತಂಪಾಗಿಡುವುದೂ ಹೀಗೇ. ಸೋಮವಾರ ಸೇತುವೆ ಹತ್ತಿರ ನಾನೇ ಗಡಿಗೆಯಾಗಿದ್ದೆ. ಸಾಲದ್ದಕ್ಕೆ, ನಿಂತ ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಬಿಸಿಯನ್ನು ಸಾಗಿಸುತ್ತದೆ. ಮೇಲೆ ಎಷ್ಟು ಸ್ವೆಟರ್ ಹೇರಿದರೇನು, ಚರ್ಮಕ್ಕೆ ತಾಗಿದ್ದೇ ಒದ್ದೆ.

ಆಫೀಸಿನಲ್ಲಿ ಕೇಳಿದ್ದು ನನ್ನ ತಪ್ಪು. ನಮ್ಮ ತಂಡದಲ್ಲೊಬ್ಬನಿಗೆ ಎಲ್ಲದರ ಬಗ್ಗೆಯೂ ಗೊತ್ತು. “250 ಗ್ರಾಮಿನ ಮೆರಿನೋ ಉಣ್ಣೆ ತಗೋ, ಕಣ್ಣು ಮುಚ್ಚಿ” ಅಂದ. ಅವನು ಓಡಿಸುವುದು ಬ್ಯಾಟರಿ ಸೈಕಲ್. ಮೋಟಾರು ಬೆವರುವುದಿಲ್ಲ, ಅವನಿಗೆ ದಪ್ಪ ಉಣ್ಣೆ ಸರಿಯೇ. ಏದುಸಿರು ಬಿಟ್ಟು ತುಳಿಯುವ ನನಗೆ ಚದರ ಮೀಟರಿಗೆ 150 ಗ್ರಾಮಿನದೇ ಹೆಚ್ಚು. ಪಾಲಿಯೆಸ್ಟರ್ ಅಗ್ಗ, ಬೇಗ ಆರುತ್ತದೆ, ಆದರೆ ಎರಡೇ ದಿನಕ್ಕೆ ನಾತ. ಲಿಫ್ಟಿನಲ್ಲಿ ಪಕ್ಕ ನಿಂತವರ ಮುಖ ನೋಡಿದರೆ ತಿಳಿಯುತ್ತದೆ. ಮೆರಿನೋ ತನ್ನ ತೂಕದ ಸುಮಾರು 30 ಪ್ರತಿಶತ ತೇವವನ್ನು ಎಳೆಯೊಳಗೇ ಎಳೆದುಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ, ವಾಸನೆಯೂ ಬೇಗ ಹಿಡಿಯುವುದಿಲ್ಲ. ದುಬಾರಿ, ನುಸಿ ಬೀಳುತ್ತದೆ, ಅದು ಬೇರೆ ಮಾತು.

ಇದನ್ನೆಲ್ಲ ಓದುವಾಗ ಅಜ್ಜ ನೆನಪಾದ. ರಾಣೆಬೆನ್ನೂರು ಕಡೆಯ ನಮ್ಮ ಹೊಲದಲ್ಲಿ ಜಡಿಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ನಿಲ್ಲುತ್ತಿದ್ದ. ಕುರುಬರು ನೇಯ್ದ ಕರಿ ಕಂಬಳಿ, ನೆನೆದರೆ ಹೊರೆಯಷ್ಟು ಭಾರ, ಆದರೂ ಅಜ್ಜ ನಡುಗಿದ್ದನ್ನು ನಾನು ಕಂಡಿಲ್ಲ. ನಡುಗುತ್ತಿದ್ದದ್ದು ಶಾಲೆ ಕಲಿತು ನೈಲಾನ್ ಕೋಟು ತೊಟ್ಟ ನಾನು. ಒದ್ದೆಯಾದರೂ ಬೆಚ್ಚಗಿಡುವುದು ಉಣ್ಣೆ ಅಂತ ಕಲಿಯಲು ಅದನ್ನು ಬಿಟ್ಟು ಇಷ್ಟು ದೂರ ಬರಬೇಕಾಯಿತು.

ತೂತು ಬನಿಯನ್ನಿನ ಕಥೆ ಇನ್ನೂ ಮಜಾ. 1933ರಲ್ಲಿ ನಾರ್ವೆಯ ಸೇನಾಧಿಕಾರಿ ಹೆನ್ರಿಕ್ ಬ್ರುನ್ ಮೀನಿನ ಬಲೆಯನ್ನೇ ಹೊಲಿದು ಬನಿಯನ್ ಮಾಡಿದ. ತೂತುಗಳಲ್ಲಿ ಬಿಸಿ ಗಾಳಿ ಕೂರುತ್ತದೆ, ಬೆವರಿನ ಹಬೆ ಮೇಲಿನ ಬಟ್ಟೆಗೆ ದಾಟುತ್ತದೆ, ಒದ್ದೆ ಬಟ್ಟೆ ಚರ್ಮಕ್ಕೆ ಅಂಟುವುದಿಲ್ಲ. 1953ರ ಎವರೆಸ್ಟ್ ತಂಡದವರ ಬಳಿಯೂ ಇಂಥವಿದ್ದವು. ನಮ್ಮ ಲಾರಿ ಓಡಿಸುವ ಮಾವ ಸೆಕೆಗೆ ಹಾಕುತ್ತಿದ್ದದ್ದೂ ಇದೇ ಬಲೆ ಬನಿಯನ್, ಅವನದು ಹತ್ತಿಯದು. ಮದುವೆ ಮನೆಯಲ್ಲಿ ಅಂಗಿ ಬಿಚ್ಚಿ ಕೂತರೆ ಅತ್ತೆ ನಾಚಿಕೆಯಿಂದ ಟವೆಲ್ ಎಸೆಯುತ್ತಿದ್ದಳು.

ಹೆಂಡತಿಯದು ಬೇರೆಯೇ ವಾದ. “ಅಷ್ಟು ಬೆವರೋ ಹಂಗೆ ಯಾಕ್ರೀ ತುಳೀತೀರಿ? ಇಲ್ಲಿನವರನ್ನ ನೋಡ್ರಿ, ಕೋಟು ಹಾಕ್ಕಂಡು ನೆಟ್ಟಗೆ ಕೂತು ನಿಧಾನಕ್ಕೆ ಹೋಗ್ತಾರೆ.” ಹೌದು, ಆದರೆ ಹಾಗೆ ಹೋಗಲು ಮನೆಯಿಂದ 20 ನಿಮಿಷ ಮುಂಚೆ ಹೊರಡಬೇಕು.

ಗುರುವಾರ ಬಲೆ ಬನಿಯನ್, ಅದರ ಮೇಲೆ ತೆಳು ಮೆರಿನೋ, ಮೇಲೆ ಗಾಳಿ ತಡೆಯುವ ಜಾಕೆಟ್. ಮೊದಲ ಎರಡು ಕಿಲೋಮೀಟರ್ ಚಳಿಗೆ ಬೈದುಕೊಂಡೇ ಹೋದೆ. ಮೂರನೆಯದರಲ್ಲಿ ಬೈಗುಳ ನಿಂತಿತು. ಇವತ್ತಾದರೂ ಸೇತುವೆ ಏಳಲಿ, ಅಜ್ಜಿ ಸಿಗಲಿ, ಜಿಪ್ಪು ಇಳಿಸಿ ತೋರಿಸೋಣ ಅಂತ ಆಸೆ. ಸೇತುವೆ ತೆಪ್ಪಗೆ ಮಲಗಿತ್ತು.

ಸಂಜೆ ಅಮ್ಮನ ವಿಡಿಯೋ ಕಾಲ್. ಜಾಕೆಟ್, ಉಣ್ಣೆ ಎರಡೂ ಬಿಚ್ಚಿ ಕೂತಿದ್ದು ಮರೆತೇಹೋಗಿತ್ತು.

“ಇದೇನಪಾ, ನಿಮ್ಮ ಮಾವಂದು ಹಾಕ್ಕಂಡಿ?”

ವಿವರಿಸಿದೆ. ನಾರ್ವೆ, ಎವರೆಸ್ಟ್, ಎಲ್ಲ.

“ಎಷ್ಟು ಕೊಟ್ಟಿ?”

65 ಯೂರೋ. ಅರ್ಧಕ್ಕಿಳಿಸಿ ರೂಪಾಯಿಯಲ್ಲಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ತೂತುಗಳನ್ನೇ ನೋಡಿದಳು.

“ಅಷ್ಟಕ್ಕ ಒಂದು ಕಂಬಳೀನ ಬರ್ತಿತ್ತಲ್ಲೋ.”